ತಿಪ್ಪೆಯಿಂದ ಎದ್ದ ಬಸವಣ್ಣ

ಗೆಳೆಯರೇ, ನನ್ನ ಮಾಲು ಇಂದು ದೇವರಾಯಿತು.

ನಿಪ್ಪಾಣಿಯಲ್ಲಿ ನನ್ನದು ಪುರಾತನ ಕಲಾವಸ್ತುಗಳ ಅಂಗಡಿ. ಹೊಸ ಹಿತ್ತಾಳೆಯನ್ನು ಒಂದು ಮಳೆಗಾಲ ತಿಪ್ಪೆಯಲ್ಲಿ ಹೂತಿಟ್ಟರೆ ಅಜ್ಜನ ಕಾಲದ ಬಣ್ಣ ಬರುತ್ತದೆ. ಅದಕ್ಕೆಂದೇ ಶಿರಗುಪ್ಪಿಯ ಪರಿಚಯದ ರೈತರೊಬ್ಬರ ತಿಪ್ಪೆಯಲ್ಲಿ, ಯಾರಿಗೂ ಹೇಳದೆ, ಹಿತ್ತಾಳೆಯ ಬಸವಣ್ಣನನ್ನು ಹೂತಿದ್ದೆ. ಬೊಂಬಾಯಿಯ ಗಿರಾಕಿ ಬರುತ್ತೇನೆಂದು ಟ್ರಂಕಾಲ್ ಮಾಡಿದ್ದ. ಇಂದು ತೆಗೆಯಲು ಹೋದರೆ ಆ ಮನೆಯ ಮುಂದೆ ಜನವೋ ಜನ. ಕಬ್ಬಿನ ಹೊಲಕ್ಕೆ ಗೊಬ್ಬರ ಹೇರುವಾಗ ಬಸವಣ್ಣ ಸಿಕ್ಕುಬಿಟ್ಟಿದ್ದಾನೆ! ಆಗಲೇ ವಿಭೂತಿ, ಹಾರ, ಊದಿನಕಡ್ಡಿ ಎಲ್ಲ ಆಗಿತ್ತು.

ಮನೆಯೊಡತಿ ಗಂಗವ್ವ ನನ್ನನ್ನು ಕಂಡದ್ದೇ ಕೂಗಿದರು: “ಬರ್ರಿ ಸಾವ್ಕಾರ್ರ! ಹಳೇ ಸಾಮಾನ ನಿಮಗ ಗೊತ್ತಾಗತೈತಿ. ಇದು ಎಷ್ಟ ವರ್ಷದ್ದ ಹೇಳ್ರಿ.”

ಹೊಸದೆಂದರೆ ಹೂತವನು ಯಾರೆಂಬ ಮಾತು ಬರುತ್ತದೆ. “ಮುನ್ನೂರ ವರ್ಷಕ್ಕ ಕಡಿಮಿ ಇಲ್ಲ ಬಿಡ್ರಿ, ಅಕ್ಕಾರ,” ಎಂದೆ.

“ಹಂಗಾದ್ರ ಮೊದಲನೇ ಕಾಯಿ ನೀವ ಒಡೀರಿ!”

ಒಡೆದೆ. ನನ್ನ ಮಾಲಿಗೆ ನಾನೇ ಅಡ್ಡಬಿದ್ದೆ. ಗಿರಾಕಿಗೆ ಏನು ಹೇಳಲಿ ಎಂಬುದು ಈಗ ಸಣ್ಣ ಚಿಂತೆ.

ಇದರ ಜೋಡಿ ಬಸವಣ್ಣ ಪಕ್ಕದ ಮನೆಯ ತಿಪ್ಪೆಯಲ್ಲಿದ್ದಾನೆ. ಅವರು ನಾಳೆ ಗೊಬ್ಬರ ಹೇರುತ್ತಾರಂತೆ.