ಸಾಲದಿಂದ ತೆಗೀರಿ, ಮನೆಯಿಂದ ಬೇಡ

ಅಂಜನಮ್ಮನವರನ್ನು ನಾನು ಮೊದಲು ನೋಡಿದ್ದು ಆಷಾಢದ ಒಂದು ಮಂಗಳವಾರ. ರಾಜಾಜಿನಗರದಲ್ಲಿ ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ವಕೀಲ ವೆಂಕಟಗಿರಿಯವರ ಕಚೇರಿ ಇದೆ. ಪದವಿ ಮುಗಿಸಿ ಊರಿನಿಂದ ಬಂದು ಅಲ್ಲಿ ಪತ್ರಗಳನ್ನು ಟೈಪು ಮಾಡುವ ಕೆಲಸಕ್ಕೆ ಸೇರಿದ್ದೆ. ಆ ಬಾಗಿಲಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ಅವರು ಬಿಟ್ಟು ಒಳಗೆ ಬಂದರು. ಹಸಿರು ಅಂಚಿನ ನೂಲಿನ ಸೀರೆ, ಒಂದು ಕೈಯಲ್ಲಿ ಬ್ಯಾಂಕಿನ ಕಾಗದಗಳಿದ್ದ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ನಿಪ್ಪಟ್ಟಿನ ಪೊಟ್ಟಣ. ಪೊಟ್ಟಣವನ್ನು ನನ್ನ ಕೀಬೋರ್ಡಿನ ಪಕ್ಕದಲ್ಲಿಟ್ಟರು. ಕುರ್ಚಿಯ ತುದಿಯಲ್ಲಿ ಕೂತು, ತಿರುಗುತ್ತಿದ್ದ ಫ್ಯಾನನ್ನು ಒಮ್ಮೆ ನೋಡಿ ಹೇಳಿದರು:

“ನನ್ನ ತಮ್ಮನ ಹೆಸರು ತೆಗೀಬೇಕು ಸಾರ್. ಸಾಲದಿಂದ ತೆಗೀರಿ, ಮನೆಯಿಂದ ಬೇಡ.”

ನನಗೆ ಅರ್ಥವಾಗಲಿಲ್ಲ. ಇಂಥ ಕೆಲಸಕ್ಕೆ ಬರುವವರು ಕೇಳುವುದು ಇದಕ್ಕೆ ತದ್ವಿರುದ್ಧ. ಮನೆಯ ಪತ್ರದಿಂದ ಅಣ್ಣನ ಹೆಸರು ಹೋಗಲಿ, ಸಾಲ ಅವನ ತಲೆಯ ಮೇಲೇ ಇರಲಿ ಎಂದವರನ್ನು ನೋಡಿದ್ದೆ. ವೆಂಕಟಗಿರಿಯವರೂ ಕನ್ನಡಕ ತೆಗೆದು, “ಇನ್ನೊಂದ್ಸಲ ಹೇಳಮ್ಮಾ” ಎಂದರು. ಅವರು ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳಿದರು.

ಕಾಮಾಕ್ಷಿಪಾಳ್ಯದಲ್ಲಿ ಅವರದೊಂದು ಕಾಂಡಿಮೆಂಟ್ಸ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಕೋಡುಬಳೆ, ಚಕ್ಕುಲಿ ಮಾಡಿ ಮಾರಿ ಮಗಳು ರಂಜಿನಿಯನ್ನು ಓದಿಸಿದ್ದರು. ಅಂಗಡಿಯ ಹಿಂದಿನ ಮನೆ ಮಾರಾಟಕ್ಕೆ ಬಂದಾಗ ಕೊಳ್ಳುವ ಧೈರ್ಯ ಮಾಡಿದರು. ಆದರೆ ಚಿಲ್ಲರೆ ವ್ಯಾಪಾರವನ್ನು ಬ್ಯಾಂಕು ಆದಾಯವೆಂದು ಒಪ್ಪಲಿಲ್ಲ. ಸಂಬಳದವರೊಬ್ಬರು ಜೊತೆಗಿರಬೇಕು ಎಂದಿತು. ಪೀಣ್ಯದ ಕಾರ್ಖಾನೆಯಲ್ಲಿದ್ದ ತಮ್ಮ ಮಹದೇವ್ ಜೊತೆಗೆ ಸಹಿ ಹಾಕಿದ. ಕ್ರಯಪತ್ರದಲ್ಲೂ ಇಬ್ಬರ ಹೆಸರು ಬಂತು. ಕಂತು ಕಟ್ಟುತ್ತಿದ್ದವರು ಮಾತ್ರ ಅಕ್ಕನೇ.

ಈಗ ಮಹದೇವ್ ಕೆಂಗೇರಿಯಲ್ಲಿ ತನಗೊಂದು ಫ್ಲ್ಯಾಟ್ ನೋಡಿದ್ದ. ನಿಮ್ಮ ಹೆಸರಲ್ಲಿ ಆಗಲೇ ಒಂದು ಮನೆ ಸಾಲವಿದೆ ಎಂದು ಬ್ಯಾಂಕು ಅವನ ಅರ್ಜಿಯನ್ನು ತಡೆದಿತ್ತು.

ನಾನು ಅಂಜನಮ್ಮನವರ ಜೊತೆ ಬ್ಯಾಂಕಿಗೆ ಹೋದೆ. ಸಾಲದ ವಿಭಾಗದ ಹುಡುಗಿ ತಾಳ್ಮೆಯಿಂದಲೇ ಹೇಳಿದಳು.

“ಆಂಟಿ, ಮನೆಗೆ ಯಾರ್‍ಯಾರು ಓನರೋ ಅವರೆಲ್ಲ ಸಾಲದಲ್ಲೂ ಇರ್ಬೇಕು. ಅವರನ್ನ ಸಾಲದಿಂದ ಬಿಡ್ಬೇಕಂದ್ರೆ ಅವರು ನಿಮಗೆ ಹಕ್ಕು ಬಿಟ್ಟುಕೊಟ್ಟು ಪತ್ರ ರಿಜಿಸ್ಟರ್ ಮಾಡಿಸ್ಬೇಕು.”

“ಅವನು ಸೈನ್ ಹಾಕ್ದೆ ಇದ್ದಿದ್ರೆ ಆ ಮನೆ ಎಲ್ಲಿತ್ತಮ್ಮಾ? ಹಕ್ಕು ಬಿಡು ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ?”

ನೋಂದಣಿ ಕಚೇರಿಯ ಎದುರು ಕೂರುವ ಪತ್ರಬರಹಗಾರ, ಮೂಲಪತ್ರ ಬ್ಯಾಂಕಿನಲ್ಲಿದೆ, ಮೊದಲು ಅವರ ಒಪ್ಪಿಗೆ ಪತ್ರ ತನ್ನಿ ಎಂದ. ಬ್ಯಾಂಕು ಮೊದಲು ಹಕ್ಕು ಬಿಡುಗಡೆ ಪತ್ರ ಕೇಳುತ್ತಿತ್ತು. ಎರಡರ ನಡುವೆ ನಾವು ಓಡಾಡಿದೆವು. ಯಾವುದು ಮೊದಲು ಎಂದು ನನಗೂ ತಿಳಿಯದೆ ವೆಂಕಟಗಿರಿಯವರನ್ನು ಕೇಳಿದರೆ, “ಒಪ್ಪಿಗೆ, ಬಿಡುಗಡೆ, ಖಾತೆ, ಆಮೇಲೆ ಹೊಸ ಸಾಲದ ಕರಾರು. ಬಾಯಿಪಾಠ ಮಾಡ್ಕೊ” ಎಂದರು. ತಮ್ಮನ ಜಾಗಕ್ಕೆ ಸಂಬಳದವರು ಬೇಕಿತ್ತು. ಶಾಲೆಯಲ್ಲಿ ಟೀಚರಾಗಿದ್ದ ರಂಜಿನಿ ಒಪ್ಪಿದಳು.

ಅಷ್ಟಾದರೂ ಕೆಲಸ ಮುಂದೆ ಹೋಗಲಿಲ್ಲ. ಅಂಜನಮ್ಮ ಒಂದು ಸಲ ತೆರಿಗೆ ರಸೀದಿ ಮರೆತು ಬಂದರು, ಇನ್ನೊಂದು ಸಲ ಆಧಾರ್. ವಯಸ್ಸಾಯಿತಲ್ಲ ಎಂದುಕೊಂಡೆ. ರಂಜಿನಿ ನಕ್ಕಳು.

“ಅಂಗಡೀಲಿ ಯಾರ್‍ಯಾರು ಎಷ್ಟು ಬಾಕಿ ಅಂತ ಅಮ್ಮ ಎಲ್ಲ ಬಾಯಲ್ಲೇ ಹೇಳ್ತಾಳೆ. ಅವಳು ಮರೀತಾಳಾ? ಬೇಕಂತ್ಲೇ ಬಿಟ್ಟು ಬರ್ತಾಳೆ.”

“ಯಾಕೆ?”

“ಕೇಳಿದ್ರೆ ಕೋಡುಬಳೆ ಸೀದುಹೋಯ್ತು ಅಂತ ಎದ್ದು ಹೋಗ್ತಾಳೆ.”

ಕೊನೆಗೆ ಮಹದೇವನೇ ರಜೆ ಹಾಕಿ ಅಂಗಡಿಗೆ ಬಂದ. ಕಾಗದ ಕೇಳಲು ಹೋಗಿದ್ದ ನಾನು ಅಲ್ಲೇ ಇದ್ದೆ.

“ಅಕ್ಕಾ, ಫ್ಲ್ಯಾಟ್‌ನೋರು ಇನ್ನೆಷ್ಟು ದಿನ ಕಾಯ್ತಾರೆ? ಮಕ್ಕಳನ್ನ ಕಟ್ಕೊಂಡು ಇನ್ನೆಷ್ಟು ಬಾಡಿಗೆ ಮನೆ ಬದಲಾಯಿಸ್ಲಿ?”

“ನಾನೇನು ಬೇಡ ಅಂದ್ನಾ? ಸಾಲದಿಂದ ಹೋಗು. ಪತ್ರದಲ್ಲಿ ನಿನ್ನ ಹೆಸರಿದ್ರೆ ಯಾರಿಗೇನು ತೊಂದ್ರೆ?”

“ನಂಗೇ ತೊಂದ್ರೆ ಕಣಕ್ಕಾ! ಊರಲ್ಲಿ ಎಲ್ಲರೂ ಆಸ್ತಿ ಕೊಡಲ್ಲ ಅಂತ ಜಗಳ ಆಡ್ತಾರೆ. ನೀನೊಬ್ಳು ತಗೋ ತಗೋ ಅಂತ ಜಗಳ ಆಡ್ತೀಯ.”

ಅಂಜನಮ್ಮ ನಗಲಿಲ್ಲ. ಮಾರನೆಯ ವಾರ ಎಲ್ಲ ಕಾಗದಗಳನ್ನೂ ತಂದುಕೊಟ್ಟರು.

ನೋಂದಣಿಯ ದಿನ ನಾವು ಬೆಂಚಿನ ಮೇಲೆ ಕಾಯುತ್ತಿದ್ದಾಗ ಅವರು ಚೀಲದಿಂದ ಒಂದು ತಟ್ಟೆ ತೆಗೆದರು. ಅದರ ಮೇಲೆ ಹೊಸ ಪಂಚೆ, ಶಲ್ಯ, ವೀಳ್ಯದೆಲೆ, ಬಾಳೆಹಣ್ಣು ಜೋಡಿಸಿ ತಮ್ಮನ ಮುಂದೆ ಹಿಡಿದರು. ಸುತ್ತಲಿದ್ದವರು ತಿರುಗಿ ನೋಡಿದರು.

“ಏನಕ್ಕಾ ಇದು? ನಾನೇನು ಮದುಮಗನಾ?”

“ಅಪ್ಪನ ಜಮೀನಿಗೆ ನಾನು ಸೈನ್ ಹಾಕ್ದಾಗ ನೀವು ಸೀರೆ, ಅರಿಶಿನ ಕುಂಕುಮ ಕೊಟ್ರಲ್ಲ. ಹಕ್ಕು ಬಿಡೋರ ಹತ್ರ ಬರಿಗೈಲಿ ಸೈನ್ ಹಾಕಿಸ್ಕೋಬಾರ್ದು.”

ಮಹದೇವನ ಮುಖದಲ್ಲಿದ್ದ ನಗು ಹೋಯಿತು. ಅಕ್ಕ ತಟ್ಟೆಯನ್ನು ನೋಡುತ್ತಲೇ ಹೇಳಿದರು. “ಆಮೇಲೆ ಅಪ್ಪನ ಮನೆಗೆ ಹೋದಾಗೆಲ್ಲ ಚಾಪೆ ಹಾಸಿ, ಕೂತ್ಕೊಳಮ್ಮ ಅಂತಿದ್ರು. ನಾನು ಅಡುಗೆಮನೆಗೆ ಹೋದ್ರೆ, ನಿಂಗ್ಯಾಕೆ ಬಿಡು ಅಂತಿದ್ರು. ಹುಟ್ಟಿದ ಮನೇಲಿ ನೆಂಟರಂಗಾದೆ. ನೀನು ನಮ್ಮನೇಲಿ ಹಂಗಾಗ್ಬಾರ್ದು ಅಂತಲೇ ಹೆಸರಿರ್ಲಿ ಅಂದಿದ್ದು ಕಣೋ.”

ಅವರು ಕಾಗದಗಳನ್ನು ಮರೆತು ಬರುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಮಹದೇವ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಮ್ಮನ್ನು ಕೂಗಿದರು. ಫೋಟೋ, ಹೆಬ್ಬೆಟ್ಟು, ಸಹಿ ಎಲ್ಲ ಮುಗಿಯಿತು. ಹೊರಗೆ ಬಂದಾಗ ಅಂಜನಮ್ಮ ಮತ್ತೆ ತಟ್ಟೆ ಚಾಚಿದರು.

“ಬೇಡಕ್ಕಾ” ಎಂದ ಮಹದೇವ್. “ಇದನ್ನ ತಗೊಂಡ್ರೆ ನಿಂಗೂ ನಂಗೂ ಚುಕ್ತಾ ಆಯ್ತು ಅಂತ ಅರ್ಥ. ಬಾಳೆಹಣ್ಣು ಕೊಡು, ಹೊಟ್ಟೆ ಹಸೀತಿದೆ.” ಹಣ್ಣು ಸುಲಿದು ತಿನ್ನುತ್ತಾ ಬೈಕ್ ಹತ್ತಿ ಪಾಳಿಗೆ ಹೋಗಿಬಿಟ್ಟ.

ಅಂಜನಮ್ಮ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. “ಅವನು ಕೋಪ ಮಾಡ್ಕೊಂಡ್ನಾ ಸಾರ್?” ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಆದರೆ ಖಚಿತವಾಗಿ ಹೇಳುವಷ್ಟು ನನಗೆ ಗೊತ್ತಿರಲಿಲ್ಲ. ತಮಗೆ ಅವಮಾನವಾಯಿತೋ, ಮರ್ಯಾದೆ ಸಿಕ್ಕಿತೋ ಎಂದು ಅವರೂ ದಾರಿಯುದ್ದಕ್ಕೂ ಯೋಚಿಸುತ್ತಿದ್ದಂತಿತ್ತು.

ಮನೆಯ ಖಾತೆ ಅವರೊಬ್ಬರ ಹೆಸರಿಗೆ ಬಂದ ಮೇಲೆ ಕಚೇರಿಗೆ ಬಂದು ಪ್ರತಿಗಳನ್ನು ತೆಗೆದುಕೊಂಡರು. ಅದರಲ್ಲಿ ಒಂಟಿಯಾಗಿದ್ದ ತಮ್ಮದೇ ಹೆಸರಿನ ಮೇಲೆ ಬೆರಳಿಟ್ಟು, “ಇನ್ನು ಅವನು ನಮ್ಮನೆಗೆ ಬಂದ್ರೆ ಏನಂತ ಬರ್ತಾನೆ?” ಎಂದರು.

“ತಮ್ಮ ಅಂತ ಬರ್ತಾನಮ್ಮಾ, ಇನ್ನೇನು?” ಎಂದರು ವೆಂಕಟಗಿರಿ.

“ಅದು ನಂಗೂ ಗೊತ್ತು ಸಾರ್” ಎಂದರು. ಉತ್ತರ ಅವರಿಗೆ ಸಾಕಾದಂತೆ ಕಾಣಲಿಲ್ಲ.

ಮಹದೇವನಿಗೆ ಸಾಲ ಸಿಕ್ಕಿ ಅವನ ಸಂಸಾರ ಕೆಂಗೇರಿ ಸೇರಿದೆ. ಅಂಜನಮ್ಮ ಈಗಲೂ ಕಾಮಾಕ್ಷಿಪಾಳ್ಯದಲ್ಲಿ ಅಂಗಡಿ ನಡೆಸುತ್ತಾರೆ, ಮಗಳ ಜೊತೆ ಕಂತು ಕಟ್ಟುತ್ತಾರೆ. ಭಾನುವಾರ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗಿ, ತಮ್ಮನ ಮನೆಯಲ್ಲಿ ಅಡುಗೆ ಮಾಡಿ, ಎಲ್ಲರ ಜೊತೆ ಉಂಡು ಸಂಜೆ ವಾಪಸಾಗುತ್ತಾರೆ.