ಜಾಡಿಯ ಎರಡನೇ ಗಂಟು

ಕೋಲಾರದ ಬಸ್ ಸ್ಟ್ಯಾಂಡ್ ಎದುರು ತಳ್ಳುಗಾಡಿಯಲ್ಲಿ ಕಪ್ಪು ದ್ರಾಕ್ಷಿ ಗುಡ್ಡೆ ಹಾಕಿದ್ದನ್ನು ಕಂಡರೆ ಸಾಕು, ನನ್ನ ಕಾಲು ಅಲ್ಲೇ ನಿಂತುಬಿಡುತ್ತದೆ. ಬಿಸಿಲಿಗೆ ಒಡೆದ ಹಣ್ಣಿನ ಹುಳಿಸಿಹಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಮುಳಬಾಗಿಲಿನ ತಾತನ ಮನೆಯ ಉಗ್ರಾಣದಲ್ಲಿರುತ್ತೇನೆ. ಮೊನ್ನೆ ಮಗಳು ಜೊತೆಯಲ್ಲಿದ್ದಳು. ಚರ್ಚಿನ ಯುವಜನರ ಕೂಟದಲ್ಲಿ ಜೋರು ವಾದವಾಗಿತ್ತಂತೆ. “ಅಮ್ಮಾ, ಕ್ರೈಸ್ತರು ಕುಡೀಬಹುದಾ, ಕುಡೀಬಾರ್ದಾ? ನೀನೇನಂತೀಯ?” ಎಂದಳು. ಅಯ್ಯೋ ಮಗಳೇ, ಆ ಜಗಳ ಕೇಳುತ್ತಲೇ ಬೆಳೆದವಳು ನಾನು! ಬಸ್ಸು ಬಂತು ನೋಡು ಎಂದು ಮಾತು ತೇಲಿಸಿದೆ.

ತಾತ ಮೇಷ್ಟ್ರಾಗಿ ನಿವೃತ್ತರಾದವರು, ನಮ್ಮ ಪುಟ್ಟ ಚರ್ಚ್ ಸಭೆಯ ಹಿರಿಯರು. ವರ್ಷವಿಡೀ ಕಾಫಿ ಬಿಟ್ಟು ಬೇರೇನೂ ಮುಟ್ಟದ ಮನುಷ್ಯ ನವೆಂಬರ್ ಬಂತೆಂದರೆ ದ್ರಾಕ್ಷಿ ತಂದು, ತೊಳೆದು, ಬಟ್ಟೆಯ ಮೇಲೆ ಆರಿಸಿ, ಕಂದುಬಣ್ಣದ ಪಿಂಗಾಣಿ ಜಾಡಿಯಲ್ಲಿ ಸಕ್ಕರೆ, ಚಕ್ಕೆ, ಒಂದು ಹಿಡಿ ಗೋಧಿ ಹಾಕಿ ವೈನಿಗೆ ಇಡುತ್ತಿದ್ದರು. ಕ್ರಿಸ್ಮಸ್ ಊಟಕ್ಕೆ ದೊಡ್ಡವರಿಗೆ ಒಂದೊಂದು ಪುಟ್ಟ ಲೋಟ, ನಮಗೆ ಒಂದೊಂದು ಚಮಚ, ಅಷ್ಟೇ. ಅಜ್ಜಿಗೆ ಮಾತ್ರ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಚರ್ಚಿನಲ್ಲಿ ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ರಸ ಮಾಡಿಕೊಡುತ್ತಿದ್ದವಳು ಅವಳೇ. ಒಣದ್ರಾಕ್ಷಿ ನೆನೆಸಿ, ಕುದಿಸಿ, ಬಿಳೀ ಬಟ್ಟೆಯಲ್ಲಿ ಹಿಂಡಿ, ಹುಳಿ ಬರುವ ಮೊದಲೇ ತಲುಪಿಸುವಳು. “ಹಿರಿಯರಂತೆ ಹಿರಿಯರು! ಪಾಸ್ಟರಯ್ಯ ನೋಡಿದ್ರೆ ಏನಂದ್ಕೋತಾರೆ?” ಎಂದು ಅವಳು ಗೊಣಗಿದರೆ ತಾತ ಮೀಸೆಯಲ್ಲೇ ನಗುತ್ತಿದ್ದರು. “ಮದುವೆ ಮನೇಲಿ ವೈನ್ ಮುಗಿದಾಗ ಯೇಸುಸ್ವಾಮಿ ನೀರನ್ನ ಏನ್ ಮಾಡಿದ್ರು? ನಿನ್ ಹಾಗೆ ಒಣದ್ರಾಕ್ಷಿ ಕಷಾಯ ಮಾಡಿದ್ರಾ?” ಅಜ್ಜಿ ಬಿಡುವವಳೇ? “ಅವರು ಮದುವೆಯೋರ ಮಾನ ಉಳಿಸಕ್ಕೆ ಮಾಡಿದ್ರು. ನೀವು ನಾಲಿಗೆ ಚಪಲಕ್ಕೆ ಮಾಡ್ತೀರ.”

ಬೆಳಗಿನ ಮನೆಪ್ರಾರ್ಥನೆ ಮುಗಿದ ಮೇಲೆ ಜಾಡಿ ಕದಡುವ ಕೆಲಸ. ಉದ್ದ ಹಿಡಿಯ ಮರದ ಸೌಟು, ಒಳಗಿಂದ ಚುರುಚುರು ಸದ್ದು, ಮೂಗಿಗೆ ಏರುವ ಘಾಟು. ಆಮೇಲೆ ತಾತ ಬಾಯಿಗೆ ಬಟ್ಟೆ ಹೊದಿಸಿ ದಾರ ಸುತ್ತಿ ಮೊದಲ ಗಂಟು ಹಾಕಿ ನನ್ನ ಕಡೆ ನೋಡುವರು. ಅದು ಸಡಿಲವಾಗದಂತೆ ನಾನು ಬೆರಳಿಟ್ಟು ಒತ್ತಬೇಕು, ಅವರು ಎರಡನೆಯದನ್ನು ಬಿಗಿಯಬೇಕು. ದಿನಾ ನನ್ನ ಬೆರಳ ತುದಿ ಸಿಕ್ಕಿಕೊಳ್ಳುತ್ತಿತ್ತು, ದಿನಾ ಅವರು “ಅಯ್ಯಯ್ಯೋ, ಮೊಮ್ಮಗಳನ್ನೂ ಕಟ್ಟಿಬಿಟ್ಟೆ” ಎನ್ನುತ್ತಿದ್ದರು. ಅಷ್ಟು ಸುಖವಾದ ಕೆಲಸವನ್ನು ನಾನು ಮತ್ತೆಂದೂ ಮಾಡಿಲ್ಲ.

ಆ ವರ್ಷ ಚಿಕ್ಕಪ್ಪ ಮನೆಗೆ ವಾಪಸ್ ಬಂದಿದ್ದ. ಮಾಲೂರಿನಲ್ಲಿ ಕೆಲಸದಲ್ಲಿದ್ದವನು ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡು, ಆಸ್ಪತ್ರೆ ಸೇರಿ, ಬಿಟ್ಟೆ ಎಂದು ಆಣೆ ಮಾಡಿ ಬಂದಿದ್ದ. ಇನ್ನೊಂದು ಸಲ ಕುಡಿದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಮಕ್ಕಳಾಗಿದ್ದ ನಮ್ಮ ಕಿವಿಗೂ ಬಿದ್ದಿತ್ತು. ಅವನು ಬರುವ ಹೊತ್ತಿಗೆ ಜಾಡಿ ಇಟ್ಟಾಗಿತ್ತು. “ತೆಗೆದುಬಿಡ್ರೀ” ಎಂದು ಅಜ್ಜಿ ಕೈಮುಗಿದು ಕೇಳಿದಳು. ತಾತ ಒಪ್ಪಲಿಲ್ಲ. “ತೆಗೆದ್ರೆ ಅವನ ಮೇಲೆ ನಂಬಿಕೆ ಇಲ್ಲ ಅಂತಾಗುತ್ತೆ ಕಣೇ. ನನ್ನ ಮಗ ಅವನು.”

ಒಂದು ಮಧ್ಯಾಹ್ನ ಎಲ್ಲರೂ ಮುದ್ದೆ ಊಟಕ್ಕೆ ಕೂತಿದ್ದೆವು. ಉಪ್ಪು ತರಲು ಉಗ್ರಾಣಕ್ಕೆ ಹೋದವಳು ಜಾಡಿ ನೋಡಿ ಅಲ್ಲಿಂದಲೇ ಕೂಗಿದೆ: “ತಾತಾ, ಯಾರೋ ಗಂಟು ಬಿಚ್ಚವ್ರೆ! ಒಂದೇ ಗಂಟು ಐತೆ!” ನನಗೆ ಅದೊಂದು ದೊಡ್ಡ ಪತ್ತೆದಾರಿ. ಹೊರಗೆ ಬಂದು ನೋಡಿದರೆ ಚಿಕ್ಕಪ್ಪನ ಕೈ ತಟ್ಟೆಯಲ್ಲೇ ನಿಂತಿತ್ತು. ಅಜ್ಜಿ “ದೇವುಡಾ” ಎಂದಳು. ತಾತ ಮುದ್ದೆ ಮುರಿಯುತ್ತಾ, ತಲೆಯೆತ್ತದೆ, “ನಾನೇ ಕಣಮ್ಮ. ರುಚಿ ನೋಡಕ್ಕೆ ಬಿಚ್ಚಿದ್ದೆ” ಎಂದರು. ನನ್ನ ಬೆರಳಿಲ್ಲದೆ ತಾತ ಆ ಜಾಡಿ ಕಟ್ಟಿದವರೇ ಅಲ್ಲ. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಊಟವಾದ ಮೇಲೆ ಅವರೇ ಜಾಡಿ ಹೊತ್ತು ಹಿತ್ತಲಿಗೆ ಹೋಗಿ ಸೀಬೆಮರದ ಬುಡಕ್ಕೆ ಪೂರ್ತಿ ಸುರಿದುಬಿಟ್ಟರು. ಕೆಂಪು ಮಣ್ಣು ನೊರೆನೊರೆಯಾಗಿ ಕುಡಿಯಿತು. “ಈಗ್ಲಾದ್ರೂ ಪಾಪ ಅಂತ ಗೊತ್ತಾಯ್ತಲ್ಲ” ಎಂದು ಅಜ್ಜಿ ಹೇಳಲು ಹೋದಳು, ದನಿ ಒಡೆಯಿತು. “ಪಾಪ ಅಂತಲ್ಲ ಕಣೇ. ನನಗೇನೂ ಅದು ಪಾಪ ಅಲ್ಲ” ಎಂದರು ತಾತ, ಜಾಡಿಗೆ ನೀರು ಹಾಕಿ ಗಲಗಲ ತೊಳೆಯುತ್ತಾ. ಇಷ್ಟು ವರ್ಷ ಅದನ್ನು ಬೈದಿದ್ದ ಅಜ್ಜಿ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳು. ಆ ಕ್ರಿಸ್ಮಸ್‌ಗೆ ಅವಳ ಒಣದ್ರಾಕ್ಷಿ ರಸವನ್ನೇ ಪುಟ್ಟ ಲೋಟಗಳಿಗೆ ಹುಯ್ದಳು. ತಾತ ಒಂದು ಗುಟುಕು ಕುಡಿದು, “ಪರವಾಗಿಲ್ಲ, ಕಷಾಯ ಕಡಕ್ ಆಗೈತೆ” ಎಂದರು. ಸಾಯುವವರೆಗೂ ಪ್ರತಿ ಕ್ರಿಸ್ಮಸ್‌ಗೂ ಅದೇ ರಸ, ಅದೇ ಮಾತು.

ಚಿಕ್ಕಪ್ಪ ಮತ್ತೆ ಕುಡಿಯಲಿಲ್ಲ. ತಾತನನ್ನು ಮಣ್ಣು ಮಾಡಿ ಬಂದ ದಿನ, ತನ್ನ ಅಪ್ಪನನ್ನು ನಾಯ್ನ ಎಂದೇ ಕರೆಯುತ್ತಿದ್ದ ಅವನು ಸೀಬೆಮರದ ಕೆಳಗೆ ನನ್ನ ಪಕ್ಕ ಕೂತು ಹೇಳಿದ: “ಅವತ್ತು ಗಂಟು ಬಿಚ್ಚಿದ್ದು ನಾನೇ ಕಣಮ್ಮ. ಲೋಟ ಅದ್ದಿದ್ದೆ. ಬಾಯಿ ಹತ್ರ ತಂದು, ನಾಯ್ನ ಮುಖ ನೆನಪಾಗಿ ವಾಪಸ್ ಸುರಿದೆ. ಒಂದು ತೊಟ್ಟೂ ಕುಡೀಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಕೇಳಲೇ ಇಲ್ವಲ್ಲ ನಾಯ್ನ...” ಅಷ್ಟು ದೊಡ್ಡ ಗಂಡಸು ಮಗುವಿನಂತೆ ಬಿಕ್ಕಿದ. ನಾನು ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಅಜ್ಜಿ ಹೋದಳು, ಚಿಕ್ಕಪ್ಪನೂ ಹೋದ. ಮನೆ ಇದ್ದ ಜಾಗದಲ್ಲಿ ಈಗ ಟೈರಿನಂಗಡಿ. ಕುಡಿಯಬಹುದೇ ಎಂದು ಮಗಳು ಕೇಳಿದರೆ ತಾತ ಈಗಲೂ ಹೂಂ ಎನ್ನುತ್ತಿದ್ದರೇನೋ. ಆ ಮಧ್ಯಾಹ್ನದ ಮೇಲೆ ಅವರು ಕುಡಿಯಲಿಲ್ಲ, ಅಷ್ಟೇ. ಜಾಡಿ ನನ್ನ ಹತ್ತಿರವಿದೆ, ಅದರಲ್ಲಿ ಕಲ್ಲುಪ್ಪು ಹಾಕಿಟ್ಟಿದ್ದೇನೆ. ಬಟ್ಟೆ ಹೊದಿಸಿ ದಾರ ಸುತ್ತಿ ಮೊದಲ ಗಂಟು ಹಾಕುತ್ತೇನೆ. ಎರಡನೆಯದನ್ನು ಬಿಗಿಯುವಷ್ಟರಲ್ಲಿ ಮೊದಲನೆಯದು ಸಡಿಲವಾಗಿರುತ್ತದೆ.