ಅಂಧೇರಿ ಕೋಠಿಯ ಮೇಜಿನ ಮೇಲೆ ಕಂಡ ಮಗಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಕೆಂಪಗೆ, ದುಂಡಗೆ, ಇಡೀ ಬೀದರಿಗೆ ಕೇಳುವಂತೆ ಅಳುವ ಮೊಮ್ಮಗಳು! ಎರಡು ಕೂಸುಗಳನ್ನು ಮಣ್ಣಿಗಿಟ್ಟ ನನ್ನ ಮಗಳು ನಾಗಮ್ಮನ ಮಡಿಲು ಕಡೆಗೂ ತುಂಬಿತು. ಓಣಿಗೆಲ್ಲ ಸಕ್ಕರೆ ಹಂಚಿ ಬಂದೆ. ಕೆಲವರಿಗೆ ಎರಡು ಸಲ ಕೊಟ್ಟೆನಂತೆ, ತಿನ್ನಲಿ ಬಿಡಿ.

ಆದರೆ ಆ ಕೂಸು ಹುಟ್ಟಿದ್ದನ್ನು ನಾನು ನೋಡಿದೆ. ನಾಲ್ಕು ಕೋಸು, ಅಂದರೆ ಎಂಟು ಮೈಲಿ ದೂರದಿಂದ, ಬಾಗಿಲು ಹಾಕಿದ ಕೋಣೆಯೊಳಗಿಂದ... ನಗುವವರು ನಗಲಿ. ನಾನು ನಾಲ್ಕಕ್ಷರ ಕಲಿತ ಬಿದರಿ ಕೆಲಸದವನು. ಕತೆ ಕಟ್ಟಲು ನನಗೆ ಬರುವುದಿಲ್ಲ.

ಊರ ಹೊರಗಿನ ದಿನ್ನೆಯ ಮೇಲೆ ದುಂಡನೆಯ ಮರದ ಕೋಣೆಯೊಂದಿದೆ. ನಮ್ಮ ಮಂದಿ ಅದನ್ನು ಅಂಧೇರಿ ಕೋಠಿ, ಕತ್ತಲ ಕೋಣೆ ಎನ್ನುತ್ತಾರೆ. ಹಿಂದೆ ರಸ್ತೆ ಹಾಕಿಸಲು ಬಂದಿದ್ದ ಬಿಳಿ ಸಾಹೇಬ ಕಟ್ಟಿಸಿದ್ದು. ಅವನ ಊರು ಸಮುದ್ರದ ದಂಡೆಯದಂತೆ. ಅವರ ಹಳೆಯ ರಾಣಿಯ ಕಾಲದಲ್ಲಿ ಅಲ್ಲಿ ಇಂಥದೇ ಕೋಣೆಗೆ ಜನ ಸಾಲುಗಟ್ಟುತ್ತಿದ್ದರಂತೆ. ಬಾಗಿಲು ಮುಚ್ಚಿ ಕತ್ತಲು ಮಾಡಿದರೆ, ಚಾವಣಿಯ ಕೊಳವೆಯಲ್ಲಿದ್ದ ಕನ್ನಡಿಯೂ ಗಾಜೂ ಸೇರಿ ಹೊರಗಿನ ಅಲೆ, ಹಡಗು, ಓಡಾಡುವ ಮಂದಿಯನ್ನೆಲ್ಲ ನಡುವಿನ ಬಿಳಿ ಮೇಜಿನ ಮೇಲೆ ಇಳಿಸುತ್ತಿದ್ದವು. ಎಲ್ಲವೂ ಚಲಿಸುತ್ತದೆ, ಸದ್ದು ಮಾತ್ರ ಇಲ್ಲ. ಆ ಕೋಣೆಯನ್ನು ಕೆಡವಿದಾಗ ಸಾಹೇಬ ಕನ್ನಡಿ, ಗಾಜು ಎರಡನ್ನೂ ಕೊಂಡು ಇಲ್ಲಿಗೆ ತಂದ. ಅವನು ಹೋದ ಮೇಲೆ ಇಲ್ಲಿನ ಕೋಣೆಗೆ ಗೆದ್ದಲು ಹಿಡಿಯಿತು.

ಈಗ ಅದನ್ನು ಮತ್ತೆ ನಡೆಸಬೇಕೆಂದು ಸರ್ಕಾರದ ಹುಕುಂ ಬಂತು. ಬಡಿಗ ಹಲಗೆ ಕೂರಿಸಿದ. ಮಂಕಾದ ಕನ್ನಡಿ ನನ್ನ ಪಾಲಿಗೆ ಬಂತು.

"ಉಸ್ತಾದ್, ಇದು ದರಿಯಾ, ಸಮುದ್ರ ನೋಡೋ ಯಂತ್ರ ಅದರಿ," ಎಂದ ಕಾವಲುಗಾರ ಖಾದರ್ ಮಿಯಾ. "ನಮ್ಮ ನಸೀಬಿಗೆ ಇದರಾಗ ಬರೇ ಎಮ್ಮಿ ಕಾಣ್ತದ ನೋಡ್ರಿ."

"ನೀ ಹೊರಗ ನಿಂತಿರ್ತಿಯಲ್ಲಾ, ಅದಕ್ಕ," ಎಂದೆ.

ಕೊಳವೆಯ ಒಳಮೈ ಕಪ್ಪಾಗಬೇಕಿತ್ತು. ಕಪ್ಪು ಮಾಡುವುದು ನಮ್ಮ ಕುಲದ ಕೆಲಸ. ಕೋಟೆಯಲ್ಲಿ ಬಿಸಿಲು, ಮಳೆ ಎರಡೂ ಬೀಳದ ಹಳೆಯ ಕೋಣೆಗಳ ಮಣ್ಣನ್ನು ನಾಲಿಗೆಗಿಟ್ಟು ನೋಡಿ ಆರಿಸುತ್ತೇವೆ. ನವಸಾಗರದ ಉಪ್ಪು ಬೆರೆಸಿ ಕುದಿಸಿ ಬಳಿದರೆ ಬಿದರಿಯ ಲೋಹ ಕಪ್ಪಾಗುತ್ತದೆ, ಬೆಳ್ಳಿ ಇನ್ನಷ್ಟು ಹೊಳೆಯುತ್ತದೆ. ಕನ್ನಡಿಯ ಮುಖಕ್ಕೂ ಬೆಳ್ಳಿಯ ಲೇಪವೇ ಇತ್ತಲ್ಲ! ಕೈಗೆ ರೂಢಿ... ಅದಕ್ಕೂ ಬಳಿದುಬಿಟ್ಟೆ. ಎಂದೂ ಸೂರ್ಯನನ್ನು ಕಾಣದ ಮಣ್ಣನ್ನು, ಸೂರ್ಯನ ಬೆಳಕು ಹಿಡಿಯುವ ಕನ್ನಡಿಗೆ.

ಒರೆಸಿದಾಗ ಕನ್ನಡಿ ಹೊಳೆಯಿತು. ಆದರೆ ಅದರಲ್ಲಿ ನನ್ನ ಮುಖ ತುಂಬ ದೂರದಲ್ಲಿ ಇದ್ದಂತೆ ಕಂಡಿತು.

ಅವತ್ತು ನಾಗಮ್ಮ ಹೆರಿಗೆಗೆಂದು ಗಂಡನ ಊರು ಭಾಲ್ಕಿಯಿಂದ ಗಾಡಿಯಲ್ಲಿ ಬರುವವಳಿದ್ದಳು. ಕನ್ನಡಿಯನ್ನು ಭಾಲ್ಕಿ ದಾರಿಯ ಕಡೆಗೇ ತಿರುಗಿಸಿದೆ. ಖಾದರ್ ಮಿಯಾ ಹೊರಗಿನಿಂದ ಅಗಳಿ ಹಾಕಿ, ಬೆಳಕು ನುಸುಳದಂತೆ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮಧ್ಯಾಹ್ನದ ನಮಾಜಿಗೆ ಹೋದ.

ಒಳಗೆ ನಡುಹಗಲಿನ ರಾತ್ರಿ. ಕೋಟೆ ಮಣ್ಣಿನ ತಣ್ಣನೆಯ ವಾಸನೆ... ಕೊಳವೆಯಲ್ಲಿ ಗಾಳಿ ಉಸಿರೆಳೆಯುವ ಸದ್ದು...

ಮೇಜಿನ ಮೇಲೆ ದಾರಿ ಮೂಡಿತು. ದಿನ್ನೆಯಿಂದ ಅದು ಅರ್ಧ ಕೋಸು ಕಾಣುತ್ತದೆ, ಆಮೇಲೆ ಇಳಿಜಾರಿನಲ್ಲಿ ಮರೆಯಾಗುತ್ತದೆ. ಆದರೆ ಮೇಜಿನ ಮೇಲೆ ಮರೆಯಾಗಲಿಲ್ಲ. ಇಳಿಯಿತು, ಹೊಲ ದಾಟಿತು, ಒಂದು ಬೇವಿನ ಮರದ ಹತ್ತಿರ ನಿಂತಿತು.

ಮರದ ಕೆಳಗೆ ಒಂದು ಗಾಡಿ. ನೆಲದ ಮೇಲೆ ನನ್ನ ನಾಗಮ್ಮ.

ಬೆರಳುದ್ದದ ನಾಗಮ್ಮ ಬಾಯಿ ತೆರೆದು ಕೂಗುತ್ತಿದ್ದಳು. ಸದ್ದಿಲ್ಲ. ಗಾಡಿಯವ ತುಕಾರಾಮ ತಲೆಯ ಮೇಲೆ ಕೈ ಹೊತ್ತು ಅತ್ತಿತ್ತ ಓಡುತ್ತಿದ್ದ. ನಾನು ಬಾಗಿಲಿಗೆ ಗುದ್ದಿದೆ. "ಖಾದರ್! ಅಗಳಿ ತೆಗಿಯೋ!" ಯಾರೂ ಬರಲಿಲ್ಲ. ತಿರುಗಿ ಬಂದು ಮೇಜಿನ ಮೇಲೆ ಕೈ ಚಾಚಿದೆ. ಮಗಳು ನನ್ನ ಅಂಗೈಯ ಮೇಲೆ ಬಂದಳು. ಹಿಡಿದೆ. ಮುಷ್ಟಿಯ ಮೇಲೆ ಹೊರಳಿದಳು... ಎಷ್ಟು ಹಿಡಿದರೂ ಹೊರಗೇ.

"ನಾಗೂ, ಹೆದರಬ್ಯಾಡವ್ವಾ..." ಎಂದು ಮೇಜಿಗೆ ಬಾಯಿ ಹಚ್ಚಿ ಕೂಗಿದೆ. ಆಕೆ ತಟ್ಟನೆ ತಲೆ ಎತ್ತಿದಳು.

ಆಮೇಲೆ ಆಕೆಯ ಕಾಲ ಹತ್ತಿರ ಏನೋ ಕೆಂಪಗೆ ಅಲುಗಾಡಿತು. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಬೆಳಕು ನುಗ್ಗಿ ಮೇಜು ಬರಿದಾಯಿತು.

"ಏನಾಯ್ತು ಉಸ್ತಾದ್? ಕೈಯಾಗ ರಕ್ತ ಅದ!" ಎಂದ ಖಾದರ್ ಮಿಯಾ. ಬಾಗಿಲು ಗುದ್ದಿ ಗುದ್ದಿ ನನ್ನ ಕೈ ಒಡೆದಿತ್ತು. ಹೊರಗೆ ನೋಡಿದೆ. ಅರ್ಧ ಕೋಸು ದಾರಿ, ಒಂದು ಎಮ್ಮೆ, ಮತ್ತೇನೂ ಇಲ್ಲ.

ಭಾಲ್ಕಿ ದಾರಿ ಹಿಡಿದು ಓಡಿದೆ. ಹೊತ್ತಿಳಿಯುವಾಗ ಗಾಡಿ ಎದುರಾಯಿತು. ಒಳಗೆ ತಾಯಿ, ಕೂಸು, ಇಬ್ಬರೂ ಜೀವಂತ! ಬೇವಿನ ಮರದ ಕೆಳಗೇ ಹೆರಿಗೆಯಾಗಿತ್ತು. ನಾನು ಗಾಲಿ ಹಿಡಿದು ಗೊಳೋ ಎಂದು ಅತ್ತೆ, ನಕ್ಕೆ, ಎತ್ತುಗಳಿಗೂ ಮುತ್ತಿಟ್ಟೆ.

ನಾಗಮ್ಮ ನಗಲಿಲ್ಲ.

"ಅಪ್ಪಾ, ಹತ್ತು ಹೆಜ್ಜಿ ದೂರ ನಿಂತಿದ್ದಿ," ಎಂದಳು ಮೆಲ್ಲಗೆ. "ಬಾ, ಬಾ ಅಂತ ಎಷ್ಟ್ ಕರದೆ. ಕೈ ಚಾಚಿದಿ, ಬಾಯಿ ಆಡಿಸಿದಿ. ಯಾಕ ಬರ್ಲಿಲ್ಲ?"

ನಾನು ತುಕಾರಾಮನ ಮುಖ ನೋಡಿದೆ. ಅವನು ನೊಗದ ಕಡೆ ಕಣ್ಣು ತಿರುಗಿಸಿದ.

"ನಾನೂ ನೋಡಿದೆರಿ," ಎಂದ. "ಭರ್ ಬಿಸಲಾಗ ನಿಮ್ಮ ಸುತ್ತ ಅಷ್ಟೇ ಕತ್ತಲಿತ್ತು... ಅದಕ್ಕ ನಾನು ಹತ್ರ ಬರ್ಲಿಲ್ರಿ."

ಮಗಳಿಗೆ ಕೋಣೆ, ಕನ್ನಡಿ, ಅಗಳಿ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡಳು, ನಂಬಿದಳೋ ಇಲ್ಲವೋ.

ರಾತ್ರಿ ಮನೆ ಮಂದಿಯೆಲ್ಲ ಕೂಡಿ ಉಣ್ಣಲು ಕುಳಿತೆವು. ನಮ್ಮಾಕೆ ಬಿಸಿ ರೊಟ್ಟಿ, ತುಪ್ಪ ಬಡಿಸಿದಳು. ಬಾಣಂತಿಗೆ ಒಳಕೋಣೆಯ ಹೊಸ್ತಿಲಿನ ಆಚೆ ತಟ್ಟೆ ಇಟ್ಟರು. ಎಲ್ಲರೂ ನಗುತ್ತಿದ್ದರು, ಕೂಸಿಗೆ ಹೆಸರು ಹುಡುಕುತ್ತಿದ್ದರು. ನಾಗಮ್ಮ ಮಾತ್ರ ಒಂದೊಂದು ತುತ್ತಿಗೂ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಳು. ಕೊನೆಗೆ ಹೊಸ್ತಿಲು ದಾಟಿ ಕೈ ಚಾಚಿ ನನ್ನ ಮೊಣಕೈ ಮುಟ್ಟಿ ನೋಡಿದಳು. ಆಮೇಲೆಯೇ ಉಂಡಳು.